ಸಮುದ್ರದ ಮೀನು ಮತ್ತು ಪಾದರಸ: ಕೊಳ್ಳುವಾಗ ನೋಡಬೇಕಾದ್ದು, ವಾರದ ಲೆಕ್ಕ

ಉಪ್ಪು, ಅರಿಶಿನ ಹಾಕಿ ಎಷ್ಟು ಸಲ ತೊಳೆದರೂ, ಹುಣಸೆಹುಳಿಯಲ್ಲಿ ಎಷ್ಟು ಹೊತ್ತು ಕುದಿಸಿದರೂ ಮೀನಿನ ಪಾದರಸ ಹೋಗುವುದಿಲ್ಲ. ಅದು ಮೀಥೈಲ್ ಪಾದರಸ ಎಂಬ, ಮಿದುಳಿಗೆ ಹಾನಿ ಮಾಡುವ ರೂಪದಲ್ಲಿ ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ. ಚರ್ಮ ಸುಲಿದರೂ ಕೊಬ್ಬು ತೆಗೆದರೂ ಪ್ರಯೋಜನವಿಲ್ಲ. ಹುರಿದಾಗ, ಒಣಗಿಸಿದಾಗ ನೀರಿನಂಶ ಹೋಗಿ ಗ್ರಾಂ ಲೆಕ್ಕದಲ್ಲಿ ಪ್ರಮಾಣ ಏರುತ್ತದೆ. ಹಾಗಾಗಿ ಎಚ್ಚರ ವಹಿಸಬೇಕಾದ್ದು ಮೀನು ಮಾರ್ಕೆಟ್ಟಿನಲ್ಲಿ.

ಚಿಕ್ಕ ಮೀನನ್ನು ದೊಡ್ಡದು ತಿನ್ನುತ್ತಾ ಹೋದಂತೆ ಪಾದರಸ ಮೇಲಿನ ಹಂತದಲ್ಲಿ ಶೇಖರವಾಗುತ್ತದೆ. ಮೀನಿಗೆ ವಯಸ್ಸಾದಷ್ಟೂ ಹೆಚ್ಚು. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಪಟ್ಟಿಯಲ್ಲಿ ಕಿಲೋ ಮೀನಿಗೆ ಸರಾಸರಿ ಪಾದರಸ ಭೂತಾಯಿ (ಸಾರ್ಡೀನ್) ಜಾತಿಯ ಮೀನುಗಳಲ್ಲಿ 0.013 ಮಿಲಿಗ್ರಾಂ, ಕೊಲ್ಲತರು (ಆಂಚೊವಿ) ಜಾತಿಯಲ್ಲಿ 0.016, ಅಲ್ಲಿನ ಕಿಂಗ್ ಮ್ಯಾಕರೆಲ್‌ನಲ್ಲಿ 0.73, ಶಾರ್ಕಿನಲ್ಲಿ 0.98. ನಮ್ಮ ಅಂಜಲ್ ಆ ಕಿಂಗ್ ಮ್ಯಾಕರೆಲ್‌ನ ಕುಲದ್ದೇ, ಆದರೆ ಜಾತಿ ಬೇರೆ. ಆದ್ದರಿಂದ 0.73ನ್ನು ಹಾಗೇ ಅಂಜಲ್‌ಗೆ ಹಚ್ಚುವುದು ಸರಿಯಲ್ಲ, ಹಾಗೆಂದು ಅದನ್ನು ಪಾದರಸ ಕಡಿಮೆಯಿರುವ ಬಂಗುಡೆಯ ಸಾಲಿಗೆ ಸೇರಿಸುವಂತೆಯೂ ಇಲ್ಲ. ತುಂಡು ಮಾಡಿಟ್ಟಾಗ ಮೀನಿನ ಗಾತ್ರ ಗೊತ್ತಾಗುವುದಿಲ್ಲ; ತುಂಡು ಅಂಗೈಗಿಂತ ಅಗಲವಾಗಿದ್ದು ನಡುಮುಳ್ಳು ದಪ್ಪಗಿದ್ದರೆ ಅದು ದೊಡ್ಡ ಮೀನಿನದು. ಒಂದೆರಡು ಕಿಲೋದ ಇಡೀ ಅಂಜಲ್ ಕೊಂಡು ಎದುರಿಗೇ ಕತ್ತರಿಸಿಕೊಳ್ಳುವುದು ಒಳ್ಳೆಯದು. ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ಈಗ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿ 2003ರಲ್ಲಿ ನಿಗದಿ ಮಾಡಿದ ವಾರದ ಮಿತಿ, ದೇಹತೂಕದ ಕಿಲೋಗೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ. 60 ಕಿಲೋ ತೂಕದ ಹೆಂಗಸಿಗೆ ವಾರಕ್ಕೆ 96 ಮೈಕ್ರೋಗ್ರಾಂ. ಕಿಲೋಗೆ 0.5 ಮಿಲಿಗ್ರಾಂ ಇರುವ ಮೀನಾದರೆ 192 ಗ್ರಾಂಗೆ, ಅಂದರೆ ಎರಡು ತುಂಡಿಗೆ, ಮಿತಿ ಮುಟ್ಟಿತು. 15 ಕಿಲೋ ತೂಕದ ಮಗುವಿಗಾದರೆ 48 ಗ್ರಾಂ ಸಾಕು. ಅದೇ ಭೂತಾಯಿ ಆದರೆ ಆ ಹೆಂಗಸು ವಾರಕ್ಕೆ ಏಳು ಕಿಲೋ ತಿನ್ನಬೇಕಾಗುತ್ತದೆ! ಈ ಮಿತಿ ಗರ್ಭದಲ್ಲಿರುವ ಮಗುವಿನ ಮಿದುಳನ್ನು ಗಮನದಲ್ಲಿಟ್ಟು ಹಾಕಿದ್ದು. ಗಂಡಸರು, ವಯಸ್ಸಾದವರು ಸ್ವಲ್ಪ ಸಡಿಲ ಬಿಡಬಹುದು. ಮಕ್ಕಳಿಗೆ ಸಡಿಲಿಕೆ ಬೇಡ.

ಮದುವೆಯೂಟದಲ್ಲಿ ಒಂದು ದಿನ ಅಂಜಲ್ ಫ್ರೈ ತಿಂದರೆ ಗಾಬರಿಯಾಗಬೇಕಿಲ್ಲ. ಸುಮಾರು 50 ದಿನಕ್ಕೊಮ್ಮೆ ದೇಹದ ಮೀಥೈಲ್ ಪಾದರಸ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಮುಖ್ಯವಾಗುವುದು ತಿಂಗಳುಗಟ್ಟಲೆಯ ರೂಢಿ. ಮಗು ಬೇಕೆಂದಿರುವವರು ದೊಡ್ಡ ಬೇಟೆ ಮೀನನ್ನು ಆರು ತಿಂಗಳು ಮೊದಲೇ ಬಿಟ್ಟರೆ ಹಳೆಯ ಶೇಖರದಲ್ಲಿ ಹತ್ತರಲ್ಲೊಂದು ಪಾಲೂ ಉಳಿಯುವುದಿಲ್ಲ. ಬಸಿರಿನಲ್ಲಿ ಮೀನನ್ನೇ ಬಿಟ್ಟುಬಿಡುವುದು ತಪ್ಪು: ವಾರಕ್ಕೆ 225ರಿಂದ 340 ಗ್ರಾಂ ಭೂತಾಯಿ, ಕೊಲ್ಲತರು, ಸಿಗಡಿ ತಿನ್ನಬಹುದು. ಎದೆಹಾಲು ಹೆಚ್ಚಲೆಂದು ಬಾಣಂತಿಗೆ ಶಾರ್ಕಿನ ಸಾರು ಕೊಡುವ ಮನೆಗಳಿವೆ. ಅದರ ಬದಲು ಬಂಗುಡೆ ಕೊಡಿ. ಮಳೆಗಾಲಕ್ಕೆಂದು ತೆಗೆದಿಡುವ ಒಣ ಶಾರ್ಕನ್ನೂ ಬಸುರಿ, ಬಾಣಂತಿಯರಿಗೆ ಬಡಿಸಬೇಡಿ.

ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹದ ವಿಷಯ ಬೇರೆ. ಅದು ಮಾಂಸಕ್ಕಿಂತ ಹೆಚ್ಚಾಗಿ ಬೊಂಡಾಸಿನ (ಸ್ಕ್ವಿಡ್) ಒಳಗಿನ ಪಿತ್ತಜನಕದಂಥ ಗ್ರಂಥಿಯಲ್ಲಿ, ಏಡಿಯ ಚಿಪ್ಪಿನೊಳಗಿನ ಕಂದು ಮೆದು ಭಾಗದಲ್ಲಿ ಸೇರಿಕೊಳ್ಳುತ್ತದೆ. ಇಲ್ಲಿ ಮಾತ್ರ ಕ್ಲೀನ್ ಮಾಡುವ ಕೈಗೆ ಕೆಲಸವಿದೆ. ಬೊಂಡಾಸಿನ ತಲೆ ಹಿಡಿದು ನಿಧಾನ ಎಳೆದರೆ ಒಳಗಿನದೆಲ್ಲ ಒಟ್ಟಿಗೇ ಬರುತ್ತದೆ. ಗ್ರಂಥಿ ಒಡೆದರೆ ಕೂಡಲೇ ತೊಳೆಯಿರಿ. ಇಡಿಯಾಗಿ ಫ್ರೀಜರಿಗೆ ಹಾಕಿದರೆ ಕರಗುವಾಗ ಗ್ರಂಥಿಯ ರಸ ಮಾಂಸಕ್ಕೆ ಇಳಿಯುತ್ತದೆ, ಹಾಗಾಗಿ ತಂದ ದಿನವೇ ಕ್ಲೀನ್ ಮಾಡಿಡಿ. ಏಡಿಯ ಕಂದು ಭಾಗವನ್ನೂ ಬೇಯಿಸುವ ಮೊದಲೇ ತೆಗೆಯಿರಿ.

ಮರುವಾಯಿಯನ್ನು (ಚಿಪ್ಪುಮೀನು) ರಾತ್ರಿಯಿಡೀ ಉಪ್ಪುನೀರಿನಲ್ಲಿಟ್ಟರೆ ಮರಳು ಬಿಡುತ್ತದೆ, ಲೋಹ ಬಿಡುವುದಿಲ್ಲ. ನೀರನ್ನು ಸೋಸಿ ತಿನ್ನುವ ಜೀವಿಯಾದ್ದರಿಂದ ಎಲ್ಲಿ ಹೆಕ್ಕಿದ್ದೆಂದು ಕೇಳಿ. ಧಕ್ಕೆಯ (ಬಂದರಿನ) ಪಕ್ಕದ್ದು, ಕಾರ್ಖಾನೆ ನೀರು ಬೀಳುವ ಕಡೆಯದ್ದು ಬೇಡ.

ಸಮುದ್ರದ ಮೀನಿನಲ್ಲಿ ಆರ್ಸೆನಿಕ್ ಇದೆ ಎಂಬ ವರದಿ ಓದಿ ಹೆದರುವವರಿದ್ದಾರೆ. ಅದರ ಬಹುಪಾಲು ಆರ್ಸೆನೊಬಿಟೇನ್ ಎಂಬ ನಿರುಪದ್ರವಿ ರೂಪ. ಮೂತ್ರದಲ್ಲಿ ಹಾಗೇ ಹೊರಹೋಗುವಂಥದ್ದು.

ಮೀನು ಕೆಡದಿರಲೆಂದು ಬೆರೆಸುವ ಫಾರ್ಮಲಿನ್, ಅಮೋನಿಯಾ ಪತ್ತೆಗೆ ಸಿಗುವ ಪರೀಕ್ಷಾ ಪಟ್ಟಿಗಳು (ಸ್ಟ್ರಿಪ್) ಲೋಹವನ್ನು ತೋರಿಸುವುದಿಲ್ಲ. ಕಿವಿರು ಕೆಂಪಗಿದ್ದರೆ ಮೀನು ತಾಜಾ ಎಂದಷ್ಟೇ ಅರ್ಥ. ಖಚಿತ ಅಂಕಿ ಬೇಕಿದ್ದರೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಮಾದರಿ ಕೊಟ್ಟು, ಲೋಹದ ಪ್ರಮಾಣ ಅಳೆಯುವ ಐಸಿಪಿ-ಎಂಎಸ್ ಪರೀಕ್ಷೆ ಮಾಡಿಸಬೇಕು. ವರದಿಯಲ್ಲಿನ ಪ್ರಮಾಣ ಹಸಿ ತೂಕದ್ದೋ ಒಣ ತೂಕದ್ದೋ ನೋಡಿಕೊಳ್ಳಿ. ಹಸಿ ಮೀನಿನ ಮುಕ್ಕಾಲು ಪಾಲು ನೀರೇ ಆದ್ದರಿಂದ ಒಣ ತೂಕದ ಅಂಕಿ ಸುಮಾರು ನಾಲ್ಕು ಪಟ್ಟು ಹೆಚ್ಚು ಕಾಣುತ್ತದೆ. ಮೇಲಿನ ವಾರದ ಲೆಕ್ಕಕ್ಕೆ ಬೇಕಾದ್ದು ಹಸಿ ತೂಕದ್ದು.