ಕಲಬುರಗಿಯ ಬಿಸಿಲು, ಧೂಳಿನ ನಡುವೆ 4ಕೆ ಡಿಸ್ಕ್ ಸಂಗ್ರಹ

ವಿದೇಶದಿಂದ ಸಿನಿಮಾ ಡಿಸ್ಕ್ ತರಿಸುವ ಮುಂಚೆ ಅದರ ರೀಜನ್, ಅಂದರೆ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಎಂಬ ಗುರುತು ನೋಡಿ. ಎಚ್‌ಡಿ ಚಿತ್ರದ ಬ್ಲೂ-ರೇಯಲ್ಲಿ ಅಮೆರಿಕ ಎ, ಬ್ರಿಟನ್ ಬಿ, ಭಾರತ ಸಿ. ಎ ಅಥವಾ ಬಿಗೆ ಲಾಕ್ ಆದದ್ದು ನಮ್ಮ ಸಿ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಅದಕ್ಕಿಂತ ಸ್ಪಷ್ಟ ಚಿತ್ರದ 4ಕೆ ಡಿಸ್ಕ್‌ಗೆ ರೀಜನ್ ಇಲ್ಲ, ಆದರೆ ದುಬಾರಿ ಸೆಟ್‌ಗಳಲ್ಲಿ ಸಂದರ್ಶನ, ಸಾಕ್ಷ್ಯಚಿತ್ರಗಳು ಹೆಚ್ಚಾಗಿ ಜೊತೆಗೆ ಬರುವ ಬ್ಲೂ-ರೇಯಲ್ಲಿರುತ್ತವೆ. ಅದು ಲಾಕ್ ಆಗಿದ್ದರೆ ಸಿನಿಮಾ ಮಾತ್ರ ನಿಮಗೆ ದಕ್ಕುವುದು. ಕಸ್ಟಮ್ಸ್ ಸುಂಕವನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಸೋನಿಯ ಗೇಮ್ ಯಂತ್ರ ಪಿಎಸ್4 ಪ್ರೊ 4ಕೆ ಡಿಸ್ಕ್ ಓದುವುದಿಲ್ಲ. ಡ್ರೈವ್ ಇರುವ ಪಿಎಸ್5 ಓದುತ್ತದೆ, ಆದರೆ ಡಿಸ್ಕ್‌ನ ಡಾಲ್ಬಿ ವಿಷನ್ (ಬೆಳಕು-ಬಣ್ಣಗಳ ವ್ಯಾಪ್ತಿ ಹೆಚ್ಚಿಸುವ ಎಚ್‌ಡಿಆರ್‌ನ ಸುಧಾರಿತ ರೂಪ) ಬಿಟ್ಟು ಅದರ ಸಾಮಾನ್ಯ ರೂಪವಾದ ಎಚ್‌ಡಿಆರ್10ರಲ್ಲೇ ತೋರಿಸುತ್ತದೆ. ಬಣ್ಣ ಪೇಲವ ಎನಿಸಿದರೆ ಮೊದಲು ಟಿವಿ ಸೆಟ್ಟಿಂಗ್ಸ್‌ನಲ್ಲಿ ಪ್ಲೇಯರ್ ಜೋಡಿಸಿದ ಎಚ್‌ಡಿಎಂಐ ಪೋರ್ಟ್‌ನ ಎಚ್‌ಡಿಆರ್ ಆಯ್ಕೆ ಆನ್ ಮಾಡಿ. ಬಹಳಷ್ಟು ಟಿವಿಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಎಚ್‌ಡಿಎಂಐ ಕೇಬಲ್ 18 ಜಿಬಿಪಿಎಸ್ (ಸೆಕೆಂಡಿಗೆ 18 ಗಿಗಾಬಿಟ್) ಸಾಗಿಸುವಂಥದ್ದಿರಲಿ.

ಏಪ್ರಿಲ್, ಮೇ ತಿಂಗಳಲ್ಲಿ ಪಾರ್ಸೆಲ್ 40 ಡಿಗ್ರಿ ದಾಟಿದ ಬಿಸಿಲಲ್ಲಿ ಬಂದಿರುತ್ತದೆ. ಒಂದೆರಡು ಗಂಟೆ ತಂಪಿನಲ್ಲಿಟ್ಟು, ಆಮೇಲೆ ವಿಡಿಯೊ ಮಾಡುತ್ತ ಬಿಚ್ಚಿ. ವಾಪಸ್ ಕಳಿಸಬೇಕಾದರೆ ಅದೇ ಸಾಕ್ಷಿ. ಅಲುಗಾಡಿಸಿದಾಗ ಸದ್ದು ಬಂದರೆ ಡಿಸ್ಕ್ ಕಳಚಿದೆ. ಗೀರು ಬಿದ್ದಿದೆಯೇ ಎಂದು ಹೊಳೆಯುವ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ತೆಗೆಯುವಾಗ ನಡುವಿನ ಗುಂಡಿ ಒತ್ತಿ, ಅಂಚು ಹಿಡಿದು ಎತ್ತಿ. ಬಾಗಿಸಿ ಎಳೆಯಲೇಬೇಡಿ.

ಹೆಚ್ಚು ಕಾಡುವುದು ಚಿತ್ರ ನಡುವೆ ನಿಂತುಬಿಡುವ ತೊಂದರೆ. ಡಿವಿಡಿಯಲ್ಲಿ ದತ್ತಾಂಶದ ಪದರ ಮೇಲ್ಮೈಯಿಂದ 0.6 ಮಿ.ಮೀ. ಒಳಗಿದ್ದರೆ, ಬ್ಲೂ-ರೇಯಲ್ಲಿ ಸುಮಾರು 0.1 ಮಾತ್ರ. ಅದಕ್ಕೇ ಡಿವಿಡಿ ಸಹಿಸುತ್ತಿದ್ದ ಬೆರಳ ಗುರುತು ಇಲ್ಲಿ ಲೇಸರ್‌ಗೆ ಅಡ್ಡ ಬರುತ್ತದೆ. ಮೂರು ಪದರದ 100 ಜಿಬಿ ಡಿಸ್ಕ್‌ಗಳು ಇನ್ನೂ ಸೂಕ್ಷ್ಮ. ನಮ್ಮಲ್ಲಿ ಎರೆ ಮಣ್ಣಿನ ಧೂಳು, ವಾಡಿ, ಶಹಾಬಾದ್ ಕಡೆ ಕಲ್ಲಿನ ಪುಡಿ. ಒಣಬಟ್ಟೆಯಲ್ಲಿ ಉಜ್ಜಿದರೆ ಅದೇ ಗೀರುತ್ತದೆ. ಮೊದಲು ಒತ್ತಿದರೆ ಗಾಳಿ ಬಿಡುವ ರಬ್ಬರ್ ಬುರುಡೆಯಿಂದ ಊದಿ. ಮೈಕ್ರೊಫೈಬರ್ ಬಟ್ಟೆಯನ್ನು ಶುದ್ಧ ನೀರಿನಲ್ಲಿ ತುಸು ನೆನೆಸಿ ಹಿಂಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಿ ಒರೆಸಿದರೆ ಗೀರು ದತ್ತಾಂಶ ಬರೆದ ಸುತ್ತು ಟ್ರ್ಯಾಕಿನ ಉದ್ದಕ್ಕೂ ಬೀಳುತ್ತದೆ, ಪ್ಲೇಯರ್‌ಗೆ ಅದನ್ನು ಸರಿಪಡಿಸಿಕೊಳ್ಳುವುದು ಕಷ್ಟ. ಶಹಾಬಾದ್ ಕಲ್ಲಿನ ನೆಲದ ಮೇಲಂತೂ ಡಿಸ್ಕ್ ಇಡಲೇಬಾರದು.

ಒರೆಸಿದ ಮೇಲೂ ಅದೇ ದೃಶ್ಯದಲ್ಲೇ ನಿಂತರೆ ದೋಷ ಡಿಸ್ಕ್‌ನದು, ಬದಲಿಸಿಕೊಡಲು ಅಂಗಡಿಯವರನ್ನು ಕೇಳಿ. ಎಲ್ಲ ಡಿಸ್ಕ್‌ಗಳೂ ನಿಂತರೆ ಪ್ಲೇಯರ್‌ನ ಲೆನ್ಸ್ ಅಥವಾ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ನೋಡಿ. ಫರ್ಮ್‌ವೇರ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಪ್ಲೇಯರ್ ಕೆಡಬಹುದು, ಯುಪಿಎಸ್ ಮೇಲೆಯೇ ಮಾಡಿ.

ಪೆಟ್ಟಿಗೆಗಳನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲಿಗೆ ಕಾಯುವ ಪಡುವಣ ಗೋಡೆ ಬಿಟ್ಟು, ಬಾಗಿಲಿರುವ ಅಲಮಾರಿಯ ಕೆಳ ಹಲಗೆಯಲ್ಲಿ ಜೋಡಿಸಿ.