ಮಿನಿ ಬೈಕ್, ಬ್ಯಾಟರಿ ಸ್ಕೂಟರ್: ಕೊಳ್ಳುವ ಮೊದಲು ನೋಡಬೇಕಾದ ಅಂಕಿಗಳು

‘ಇದಕ್ಕೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟೂ ಬೇಡ’ ಎಂಬ ಅಂಗಡಿಯವರ ಮಾತು ಕೆಲವು ವಾಹನಗಳ ಮಟ್ಟಿಗೆ ನಿಜ, ಹಲವಕ್ಕೆ ಸುಳ್ಳು. ಬೆಂಗಳೂರಿನ ಬಡಾವಣೆಗಳಲ್ಲಿ ಮಕ್ಕಳು ಇಂಥ ವಾಹನಗಳನ್ನು ರಸ್ತೆಗೆ ತರುತ್ತಿರುವುದರಿಂದ, ಪೋಷಕರು ಹಣ ಕೊಡುವ ಮೊದಲೇ ಇದನ್ನು ಪರೀಕ್ಷಿಸಿಕೊಳ್ಳಬೇಕು.

ಮೊದಲು ಎಂಜಿನ್ ನೋಡಿ. ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು, ಎಂಜಿನ್ ಸಾಮರ್ಥ್ಯ 25 ಸಿಸಿ ಮೀರದ ವಾಹನವನ್ನು ಮಾತ್ರ 1988ರ ಮೋಟಾರು ವಾಹನ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಮಿನಿ ಬೈಕ್‌ಗಳಲ್ಲಿ ಸಾಮಾನ್ಯವಾಗಿರುವುದು 49 ಸಿಸಿ ಎಂಜಿನ್. ಹಾಗಾಗಿ ಮೊಣಕಾಲೆತ್ತರದ ಆ ಬೈಕ್ ಕೂಡ ಕಾನೂನಿನ ಕಣ್ಣಿಗೆ ಪೂರ್ಣ ಪ್ರಮಾಣದ ಮೋಟಾರು ವಾಹನವೇ. ಮಾದರಿ ಅನುಮೋದನೆ, ಅಂದರೆ ಆ ಮಾದರಿ ರಸ್ತೆಗೆ ಯೋಗ್ಯ ಎಂಬ ಅಧಿಕೃತ ಒಪ್ಪಿಗೆ, ಪಡೆಯದ ಬೈಕ್ ಆರ್‌ಟಿಒದಲ್ಲಿ ನೋಂದಣಿಯಾಗುವುದಿಲ್ಲ, ನೋಂದಣಿಯಿಲ್ಲದೆ ಅದನ್ನು ರಸ್ತೆಗಿಳಿಸುವಂತಿಲ್ಲ.

ಬ್ಯಾಟರಿ ವಾಹನಕ್ಕೆ ಅಳತೆಗೋಲು ಬೇರೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇದ್ದರೆ ಮಾತ್ರ ಲೈಸೆನ್ಸ್, ನೋಂದಣಿಗಳಿಂದ ವಿನಾಯಿತಿ. ಈ ಮೂರೂ ಒಟ್ಟಿಗೇ ಇರಬೇಕು. ಪುಣೆಯ ಎಆರ್‌ಎಐಯಂಥ ಮಾನ್ಯ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರವೂ ಇರಬೇಕು. ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ, ಅದರಲ್ಲಿರುವ ಮಾದರಿಯ ಹೆಸರನ್ನು ಬಿಲ್ಲಿನೊಂದಿಗೆ ಹೋಲಿಸಿ ನೋಡಿ. ಕೊಂಡ ಮೇಲೆ ವೇಗದ ಮಿತಿಯನ್ನು ಬಿಚ್ಚಿಸಿಕೊಂಡರೆ ವಿನಾಯಿತಿಯೂ ಅಲ್ಲಿಗೇ ಮುಗಿಯುತ್ತದೆ.

ಮುಂದಿನದು ವಯಸ್ಸು. ಗೇರ್ ಇಲ್ಲದ, 50 ಸಿಸಿ ಮೀರದ ದ್ವಿಚಕ್ರ ವಾಹನಕ್ಕೆ 16 ವರ್ಷಕ್ಕೆ ಲೈಸೆನ್ಸ್ ಸಿಗುತ್ತದೆ, ಉಳಿದವಕ್ಕೆ 18 ತುಂಬಿರಬೇಕು. 2019ರ ತಿದ್ದುಪಡಿಯಿಂದ ಸೇರಿದ 199ಎ ಕಲಮನ್ನು ಪ್ರತಿಯೊಬ್ಬ ತಂದೆ ತಾಯಿಯೂ ಓದಬೇಕು: ಅಪ್ರಾಪ್ತರು ಮೋಟಾರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೋ ಹುಡುಗಿಗೋ 25 ವರ್ಷ ತುಂಬುವವರೆಗೆ ಕಲಿಕಾ ಲೈಸೆನ್ಸ್ ಕೂಡ ಇಲ್ಲ.

ಎಲ್ಲಿ ಓಡಿಸಬೇಕು ಎಂಬುದರಲ್ಲೂ ತಪ್ಪು ತಿಳಿವಳಿಕೆಯಿದೆ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವುದೇ ಜಾಗ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳ. ಮನೆ ಮುಂದಿನ ಅಡ್ಡರಸ್ತೆಯೂ ಅದರಲ್ಲಿ ಸೇರಿದೆ. ಮಿನಿ ಬೈಕ್ ಓಡಿಸಲೇಬೇಕೆಂದಿದ್ದರೆ, ಮಾಲೀಕರ ಒಪ್ಪಿಗೆ ಪಡೆದ, ಬೇಲಿಯಿರುವ ಖಾಸಗಿ ಜಾಗದಲ್ಲಿ, ದೊಡ್ಡವರ ಎದುರಿನಲ್ಲಿ ಮಾತ್ರ ಓಡಿಸಲಿ.

ಸುರಕ್ಷತೆಯ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಚಿಕ್ಕ ಚಕ್ರ. ದೊಡ್ಡ ಚಕ್ರ ದಾಟಿಕೊಂಡು ಹೋಗುವ ಗುಂಡಿಯಲ್ಲಿ ಚಿಕ್ಕ ಚಕ್ರ ಇಳಿದು ನಿಂತುಬಿಡುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಮಳೆ ನಿಂತ ಸಂಜೆ ನಮ್ಮ ರಸ್ತೆಗಳಲ್ಲಿ ಗುಂಡಿ ಯಾವುದು, ನೀರು ಯಾವುದು ಎಂಬುದೇ ತಿಳಿಯದು. ಜೊತೆಗೆ, ಅಷ್ಟು ತಗ್ಗಿನಲ್ಲಿ ಕುಳಿತ ಮಗು ಟೆಂಪೊ ಅಥವಾ ಬಸ್ಸಿನ ಚಾಲಕರ ಕಣ್ಣಿಗೆ ಬೀಳುವುದೇ ಇಲ್ಲ.

ಆದ್ದರಿಂದ ವಿನಾಯಿತಿ ಇರುವ ವಾಹನಕ್ಕೂ ಐಎಸ್‌ಐ ಗುರುತಿನ ಹೆಲ್ಮೆಟ್ ಬೇಕು. ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಜಾರಬಾರದು. ಅಪ್ಪನ ಹೆಲ್ಮೆಟ್ ಮಗುವಿನ ತಲೆ ಕಾಯುವುದಿಲ್ಲ. ನಾಲ್ಕು ವರ್ಷದೊಳಗಿನ ಮಗುವನ್ನು ಮೋಟಾರು ಸ್ಕೂಟರಿನ ಹಿಂದೆ ಕೂರಿಸಿಕೊಂಡರೆ ಮಗುವನ್ನು ಸವಾರರಿಗೆ ಬಿಗಿಯುವ ಸುರಕ್ಷಾ ಬೆಲ್ಟ್ ಕಡ್ಡಾಯ, ವೇಗ 40 ಕಿ.ಮೀ. ಮೀರುವಂತಿಲ್ಲ.

ವಾಹನ ಓಡಿಸಿ ತಂದ ಕೂಡಲೇ ಬ್ಯಾಟರಿಯನ್ನು ಚಾರ್ಜಿಗೆ ಹಾಕದೆ ತಣಿಯಲು ಬಿಡಿ, ಕಂಪನಿ ಕೊಟ್ಟ ಚಾರ್ಜರನ್ನೇ ಬಳಸಿ, ಮತ್ತು ಮನೆಯಿಂದ ಹೊರಬರುವ ಬಾಗಿಲಿನ ಅಥವಾ ಮೆಟ್ಟಿಲಿನ ಬಳಿ ಎಂದೂ ಚಾರ್ಜ್ ಮಾಡಬೇಡಿ.