ವ್ಯಾಲಿ ಆಫ್ ಡೆತ್: ಸಾವಿನ ಕಣಿವೆಯನ್ನು ನಾನು ದಾಟಿದ್ದು ಹೀಗೆ

'ಬ್ಯಾಟಲ್ ಫಾರ್ ವೆಸ್ನಾತ್' ಎಂಬ ಕಂಪ್ಯೂಟರ್ ಆಟದ 'ವ್ಯಾಲಿ ಆಫ್ ಡೆತ್' ಹಂತವನ್ನು ನಾನು ಕಷ್ಟದ ಮಟ್ಟದಲ್ಲಿ ಗೆದ್ದೆ. ಏಟು ತಪ್ಪಿದಾಗಲೆಲ್ಲ ಹಳೆಯ ಸೇವ್ ತೆರೆಯದೆ, ಅದೃಷ್ಟ ಕೊಟ್ಟಿದ್ದನ್ನೇ ಒಪ್ಪಿಕೊಂಡು ಗೆದ್ದೆ. ಅದನ್ನು ಬರೆದಿಡೋಣ ಅನ್ನಿಸಿದ್ದಕ್ಕೆ ಕಾರಣ ಇದೆ. ಈ ಒಂದು ಹಂತದಲ್ಲಿ ಸಿಕ್ಕಿಕೊಂಡು ಇಡೀ ಕ್ಯಾಂಪೇನನ್ನೇ, ಅಂದರೆ ಹಂತಹಂತವಾಗಿ ಸಾಗುವ ಕತೆಯನ್ನೇ, ಬಿಟ್ಟವರು ನನಗೆ ಗೊತ್ತು. ಅಷ್ಟು ಚೆಂದದ ಕತೆಯನ್ನು ಅರ್ಧಕ್ಕೆ ಬಿಡಬಾರದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡೇವಿಡ್ ವೈಟ್ ಇದನ್ನು ಶುರು ಮಾಡಿದ್ದು 2003ರಲ್ಲಿ. ಪೂರ್ತಿ ಉಚಿತ, ಓಪನ್ ಸೋರ್ಸ್. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಹಲಗೆಯ ತುಂಬ ಆರು ಮೂಲೆಯ ಮನೆಗಳು. ಒಂದು ಸರದಿ ನಿಮ್ಮದು, ಒಂದು ಸರದಿ ಎದುರಾಳಿಯದು. ಎಲ್ಫ್‌ಗಳೆಂಬ ಕಾಡಿನ ಜನ, ಮಾಂತ್ರಿಕರು, ಓರ್ಕ್‌ಗಳೆಂಬ ರಕ್ಕಸರು, ಸತ್ತು ಎದ್ದವರು ಎಲ್ಲ ಇದ್ದಾರೆ. 'ಏರ್ ಟು ದ ಥ್ರೋನ್' ಕ್ಯಾಂಪೇನಿನಲ್ಲಿ ನೀವು ಕಾನ್ರಾಡ್ ಎಂಬ ಹುಡುಗ. ಜೊತೆಗೆ ಮುದುಕ ಮಾಂತ್ರಿಕ ಡೆಲ್ಫಡಾರ್. ರಾಣಿ ಅಶೆವಿಯೇರ್‌ಳ ಸೈನ್ಯದಿಂದ ತಪ್ಪಿಸಿಕೊಂಡು ಹೋಗುವುದೇ ಅರ್ಧ ಕತೆ. ಒಂದು ಕಡೆ ರಾಣಿಯ ಮಗಳು, ರಾಜಕುಮಾರಿ ಲಿಸಾರ್ ಸೋಲುತ್ತಾಳೆ. ಸೋತವಳು ದಾರಿ ತೋರಿಸುತ್ತಾಳೆ. ಆ ದಾರಿ ಹೋಗಿ ಸೇರುವುದು ಈ ಕಣಿವೆಗೆ. ಹಂತದ ಪೂರ್ತಿ ಹೆಸರಿನಲ್ಲಿ 'ರಾಜಕುಮಾರಿಯ ಸೇಡು' ಅಂತಲೂ ಇರುವುದು ಅದಕ್ಕೇ.

ಕಣಿವೆಯ ನಡುವೆ, ಕೋಟೆಯೊಂದರಲ್ಲಿ ನೀವು. ಸುತ್ತಲೂ ಲಿಚ್‌ಗಳು, ಅಂದರೆ ಸತ್ತ ಮೇಲೂ ಮಾಟ ಬಿಡದ ಮಾಂತ್ರಿಕರು. ಒಬ್ಬೊಬ್ಬರೂ ತಮ್ಮ ತಮ್ಮ ದಿಕ್ಕಿನಿಂದ ಎಲುಬುಗೂಡು, ದೆವ್ವ, ಬಾವಲಿ, ಹೆಣ ತಿನ್ನುವ ಗೂಲ್‌ಗಳನ್ನು ಕಳಿಸುತ್ತಲೇ ಇರುತ್ತಾರೆ. ಅವರನ್ನೆಲ್ಲ ಕೊಂದರೂ ಗೆಲುವು. ಆದರೆ ಕೊಲ್ಲಲೇಬೇಕು ಅಂತಿಲ್ಲ. ಗೊತ್ತುಮಾಡಿದ ಸುತ್ತುಗಳು ಮುಗಿಯುವ ತನಕ ಬದುಕಿದ್ದರೂ ಸಾಕು. ನಾನು ಆರಿಸಿಕೊಂಡಿದ್ದು ಈ ಎರಡನೆಯದನ್ನು.

ಕಷ್ಟ ಎಲ್ಲಿದೆ ಅಂದರೆ, ಅಲ್ಲಿಯವರೆಗೆ ನೀವು ಕಟ್ಟಿಕೊಂಡು ಬಂದ ಸೈನ್ಯವೇ ಇಲ್ಲಿ ಕೈಕೊಡುತ್ತದೆ. ಎಲ್ಫ್ ಕಾಲಾಳಿನ ಕತ್ತಿಗೆ ಒಂದು ಏಟಿಗೆ 5ರ ಬಲ. ಎಲುಬುಗೂಡು ಕತ್ತಿಯ ಏಟನ್ನು ಶೇ. 40ರಷ್ಟು ತಡೆಯುತ್ತದೆ, ಅಲ್ಲಿಗೆ ಉಳಿಯುವುದು 3. ಬಾಣವನ್ನು ಶೇ. 60ರಷ್ಟು ತಡೆಯುತ್ತದೆ, ಉಳಿಯುವುದು 2. ಎದುರಿಗೆ ನಿಂತಿರುವುದಕ್ಕೆ 34 ಜೀವ, ಅಂದರೆ ಒಟ್ಟು 34ರಷ್ಟು ಪೆಟ್ಟು ಬಿದ್ದರೆ ಮಾತ್ರ ಸಾಯುತ್ತದೆ. ನಾಲ್ಕು ಎಲ್ಫ್‌ಗಳು ಸುತ್ತ ನಿಂತು ಹೊಡೆದರೂ ಬೀಳುವ ಭರವಸೆ ಇಲ್ಲ. ನನ್ನ ಅಕ್ಕ ಈ ಆಟವನ್ನು ನನಗಿಂತ ಮುಂಚೆಯಿಂದ ಆಡುತ್ತಾಳೆ. ನಾನು ಕುದುರೆ ಸವಾರರನ್ನು ಕರೆಸಬೇಕು ಅಂತಿದ್ದಾಗ ಅವಳು ಒಂದೇ ಮಾತು ಹೇಳಿದಳು: "ಬೇಡ ಕಣೋ. ಈಟಿ ತಾಗೋದಿಲ್ಲ, ತಿರುಗಿ ಬೀಳೋ ಏಟು ಮಾತ್ರ ಎರಡರಷ್ಟು." ನುಗ್ಗಿ ಹೊಡೆಯುವ ಸವಾರ ಎರಡರಷ್ಟು ಏಟು ಕೊಡುತ್ತಾನೆ, ಎರಡರಷ್ಟು ತಿನ್ನುತ್ತಾನೆ. ಬಾಣದಂತೆ ಈಟಿಯನ್ನೂ ಶೇ. 60 ತಡೆಯುವವನ ಮುಂದೆ ಅದು ನಷ್ಟದ ವ್ಯಾಪಾರವೇ.

ಹಾಗಾಗಿ ಕಣಿವೆಯ ಯುದ್ಧವನ್ನು ನಾನು ಕಣಿವೆಗೆ ಬರುವ ಮುಂಚೆಯೇ ಶುರು ಮಾಡಿದ್ದೆ. ಹಿಂದಿನ ಹಂತಗಳಲ್ಲಿ ಮಾಂತ್ರಿಕರನ್ನು ಬೆಳೆಸಿದೆ. ಎದುರಾಳಿ ಸಾಯುವ ಹೊತ್ತಿಗೆ ಕೊನೆಯ ಏಟನ್ನು ಅವರಿಗೇ ಬಿಟ್ಟುಕೊಡುತ್ತಿದ್ದೆ. ಸುಮ್ನೆ ಹೊಡೆದಾಡಿದರೆ ಎದುರಾಳಿಯ ಲೆವೆಲ್ ಎಷ್ಟೋ ಅಷ್ಟು ಅನುಭವದ ಅಂಕ. ಕೊಂದರೆ ಅದರ ಎಂಟರಷ್ಟು. ಅಂಕ ತುಂಬಿದವನು ಮೇಲಿನ ಲೆವೆಲ್ಲಿಗೆ ಏರುತ್ತಾನೆ. ಹೀಗೆ ಮೇಲೇರಿದ ಮಾಂತ್ರಿಕರಲ್ಲಿ ಕೆಲವರನ್ನು ಬಿಳಿ ಮಾಂತ್ರಿಕರನ್ನಾಗಿ ಮಾಡಿಕೊಂಡೆ. ಅವರು ಪಕ್ಕದಲ್ಲಿದ್ದವರಿಗೆ ಪ್ರತಿ ಸುತ್ತಿಗೂ 8 ಜೀವ ತುಂಬುತ್ತಾರೆ, ವಿಷ ಇಳಿಸುತ್ತಾರೆ, ಅವರ ಬೆಳಕಿನ ಏಟಿಗೆ ಸತ್ತು ಎದ್ದವರು ನಿಲ್ಲುವುದಿಲ್ಲ. ಇಲ್ಲಿ ಆಟದ ಒಂದು ಲೆಕ್ಕ ನಮ್ಮ ಪರವಾಗಿದೆ. ಹೊಸ ಮಾಂತ್ರಿಕನನ್ನು ಸೇರಿಸಿಕೊಳ್ಳಲು 20 ಚಿನ್ನ. ಹಳೆಯ ಬಿಳಿ ಮಾಂತ್ರಿಕನನ್ನು ವಾಪಸ್ ಕರೆಸಲೂ 20 ಚಿನ್ನವೇ. ಸಂಬಳ ಸ್ವಲ್ಪ ಜಾಸ್ತಿ, ಅಷ್ಟೇ. ಈ ಹಂತದಲ್ಲಿ ಚಿನ್ನ ಉಳಿಸುವ ಯೋಚನೆಯನ್ನೇ ನಾನು ಮಾಡಲಿಲ್ಲ.

ಈಗ ಮುಖ್ಯ ವಿಷಯ, ಹಗಲು ರಾತ್ರಿ. ಈ ಕಣಿವೆಯಲ್ಲಿ ನಿಮ್ಮನ್ನು ಕಾಯುವುದೂ ಕೊಲ್ಲುವುದೂ ಹೊತ್ತೇ ಅಂತ ನಾನು ನಂಬುತ್ತೇನೆ. ವೆಸ್ನಾತ್‌ನಲ್ಲಿ ಒಂದು ದಿನಕ್ಕೆ ಆರು ಸುತ್ತು: ನಸುಕು, ಬೆಳಿಗ್ಗೆ, ಮಧ್ಯಾಹ್ನ, ಮುಸ್ಸಂಜೆ, ರಾತ್ರಿಯ ಎರಡು ಜಾವ. ಮಾಂತ್ರಿಕರು ಹಗಲಿನವರು. ಬೆಳಿಗ್ಗೆ, ಮಧ್ಯಾಹ್ನ ಅವರ ಬಲ ಶೇ. 25 ಏರುತ್ತದೆ, ರಾತ್ರಿ ಅಷ್ಟೇ ಇಳಿಯುತ್ತದೆ. ಸತ್ತು ಎದ್ದವರದು ತಿರುಗುಮುರುಗು. ಎಲ್ಫ್‌ಗಳಿಗೆ ಎರಡೂ ಒಂದೇ.

ಇದನ್ನು ಅಂಕಿಯಲ್ಲಿ ನೋಡಿದರೆ ಬೆಚ್ಚಿಬೀಳುತ್ತೀರಿ. ಮಾಂತ್ರಿಕನ ಬೆಂಕಿಯ ಏಟು 7, ಒಂದು ಸಲಕ್ಕೆ ಮೂರು ಏಟು. ಎದುರಾಳಿ ಎಲ್ಲಿ ನಿಂತಿದ್ದರೂ ತಗಲುವ ಸಂಭವ ಶೇ. 70. ಎಲುಬುಗೂಡಿಗೆ ಬೆಂಕಿಯಿಂದ ಶೇ. 20 ಹೆಚ್ಚು ಪೆಟ್ಟು. ಹಗಲಲ್ಲಿ ಒಂದು ಏಟಿಗೆ 10 ಆಗುತ್ತದೆ, ರಾತ್ರಿ 6. ಇಬ್ಬರು ಮಾಂತ್ರಿಕರು ಸೇರಿ ಒಂದು ಎಲುಬುಗೂಡನ್ನು ಹಗಲಲ್ಲಿ ಕೆಡವಲು ಆರು ಏಟಿನಲ್ಲಿ ನಾಲ್ಕು ತಗಲಿದರೆ ಸಾಕು. ಅದರ ಸಂಭವ ಶೇ. 74. ರಾತ್ರಿ ಆರಕ್ಕೆ ಆರೂ ತಗಲಬೇಕು. ಶೇ. 12 ದಾಟುವುದಿಲ್ಲ. ಅದೇ ಮಾಂತ್ರಿಕರು, ಅದೇ ಶತ್ರು, ಹೊತ್ತು ಮಾತ್ರ ಬೇರೆ.

ಅತ್ತ ಕಡೆಯಿಂದಲೂ ನೋಡಬೇಕು. ರಾತ್ರಿ ಎಲುಬುಗೂಡಿನ ಕೊಡಲಿಗೆ ಏಟಿಗೆ 9ರಂತೆ ಮೂರು ಏಟು, ಒಟ್ಟು 27. ಮಾಂತ್ರಿಕನಿಗೆ ಇರುವುದೇ ಸುಮಾರು 24 ಜೀವ. ಮಂತ್ರದ್ದಲ್ಲದ ಏಟು ತಗಲುವ ಸಂಭವ ನಿಂತ ನೆಲದಂತೆ ಬದಲಾಗುತ್ತದೆ. ಬಯಲಲ್ಲಿ ನಿಂತವನಿಗೆ ಮೂರೂ ಏಟು ಬೀಳುವ ಸಂಭವ ಶೇ. 22ರ ಹತ್ತಿರ. ಕೋಟೆಯ ಮನೆಯಲ್ಲಿ ನಿಂತರೆ ಶೇ. 6. ಈ 22 ಮತ್ತು 6ರ ನಡುವಿನ ವ್ಯತ್ಯಾಸದ ಮೇಲೇ ನನ್ನ ಇಡೀ ಆಟ ನಿಂತಿತ್ತು.

ರಾತ್ರಿಯ ಏರ್ಪಾಡು ಹೀಗಿತ್ತು. ಮುಸ್ಸಂಜೆಯ ಸುತ್ತಿನಲ್ಲಿ ಎಲ್ಲರೂ ಕೋಟೆಗೆ ವಾಪಸ್. ಯಾರೂ ಹೊರಗೆ ಉಳಿಯುವಂತಿಲ್ಲ, ಒಂದೇ ಏಟು ಬಾಕಿ ಇರುವ ಶತ್ರು ಕಣ್ಣೆದುರಿಗೆ ಇದ್ದರೂ ಸರಿ. ಹೊರಸಾಲಿನಲ್ಲಿ ಗಾಯವಿಲ್ಲದ ಎಲ್ಫ್‌ಗಳು. ಒಳಸಾಲಿನಲ್ಲಿ ಮಾಂತ್ರಿಕರು, ಕಾನ್ರಾಡ್, ಡೆಲ್ಫಡಾರ್. ಸಾಲು ನೇರವಾಗಿರುವಂತೆ ನೋಡಿಕೊಂಡೆ. ನೇರ ಸಾಲಿನಲ್ಲಿ ನಿಂತವನನ್ನು ಇಬ್ಬರು ಮಾತ್ರ ಹೊಡೆಯಬಹುದು. ಮೂಲೆಯಲ್ಲಿ ಉಬ್ಬಿ ನಿಂತವನಿಗೆ ಮೂವರು ಬೀಳುತ್ತಾರೆ. ಒಂಟಿಯಾಗಿ ನಿಂತರೆ ಆರು ಕಡೆಯಿಂದಲೂ ಏಟು. ಕೋಟೆಯ ಮೂಲೆಗಳನ್ನು ತಪ್ಪಿಸಲು ಆಗುವುದಿಲ್ಲ. ಅಲ್ಲಿಗೆ ಎರಡನೇ ಲೆವೆಲ್ಲಿನ ಎಲ್ಫ್‌ಗಳನ್ನೇ ಹಾಕಿದೆ, ಹಿಂದಿನ ಮನೆಯಲ್ಲಿ ಬಿಳಿ ಮಾಂತ್ರಿಕ.

ರಾತ್ರಿ ನಾವು ಹೊಡೆಯುವುದೇ ಬೇಡವಾ? ಬೇಕು, ಆದರೆ ಆಯ್ದು ಹೊಡೆಯಬೇಕು. ಎಲುಬುಗೂಡಿಗೆ ದೂರದಿಂದ ಹೊಡೆಯುವ ಆಯುಧವೇ ಇಲ್ಲ. ಹಾಗಾಗಿ ಎಲ್ಫ್ ಶಾಮನ್, ಅಂದರೆ ಎಲ್ಫ್‌ಗಳ ಮಂತ್ರಗಾತಿ, ಬಳ್ಳಿ ಎಸೆದರೆ ತಿರುಗಿ ಏಟು ಬರುವುದಿಲ್ಲ. ಬಳ್ಳಿಯ ಏಟು ಲೆಕ್ಕಕ್ಕಿಲ್ಲ, ಆದರೆ ಸುತ್ತಿಕೊಂಡವನ ಬಲ ಅವನ ಮುಂದಿನ ಸರದಿ ಮುಗಿಯುವ ತನಕ ಅರ್ಧ. 9ರ ಕೊಡಲಿ 4ಕ್ಕೆ ಇಳಿಯುತ್ತದೆ. ಅಗ್ಗದ, ಒಂದನೇ ಲೆವೆಲ್ಲಿನ ಶಾಮನ್ ಇದನ್ನು ಮಾಡುತ್ತಾಳೆ! ಈ ಕಣಿವೆಯಲ್ಲಿ ಯಾರಿಗಾದರೂ ಪದಕ ಕೊಡುವುದಾದರೆ ನಾನು ಅವಳಿಗೇ ಕೊಡುತ್ತೇನೆ.

ಇನ್ನೊಬ್ಬ ಶತ್ರುವಿನ ಬಗ್ಗೆ ಎಚ್ಚರ ಬೇಕು. ಡಾರ್ಕ್ ಅಡೆಪ್ಟ್, ಅಂದರೆ ಮಾಟ ಕಲಿಯುತ್ತಿರುವ ಬದುಕಿರುವ ಮನುಷ್ಯ. ಇವನ ಏಟೂ ಮಂತ್ರದ್ದೇ, ಶೇ. 70. ಕೋಟೆಯ ಗೋಡೆ ಇವನ ಮುಂದೆ ಉಪಯೋಗಕ್ಕೆ ಬರುವುದಿಲ್ಲ. ಆದರೆ ಹತ್ತಿರ ಹೋಗಿ ಹೊಡೆದರೆ ತಿರುಗಿ ಹೊಡೆಯಲು ಅವನ ಕೈಯಲ್ಲಿ ಏನೂ ಇಲ್ಲ. ಮೈಯೂ ಮಾಂಸದ್ದೇ, ಕತ್ತಿ ಪೂರ್ತಿ ತಾಗುತ್ತದೆ. ಎಲುಬುಗೂಡಿನ ಮುಂದೆ ಕೈಕಟ್ಟಿಕೊಂಡಂತಿದ್ದ ಎಲ್ಫ್ ಕಾಲಾಳುಗಳಿಗೆ ಕೆಲಸ ಸಿಗುವುದು ಇಲ್ಲಿ. ರಾತ್ರಿಯಾಗಲಿ ಹಗಲಾಗಲಿ, ಕೋಟೆಯ ಪಕ್ಕಕ್ಕೆ ಅಡೆಪ್ಟ್ ಬಂದರೆ ಅವನೇ ಮೊದಲ ಗುರಿ.

ಗೂಲ್‌ನ ವಿಷ ಒಂದು ಕಿರಿಕಿರಿ. ಸುತ್ತಿಗೆ 8 ಜೀವ ತಿನ್ನುತ್ತದೆ, ಕೊಲ್ಲುವುದಿಲ್ಲ, 1ಕ್ಕೆ ತಂದು ನಿಲ್ಲಿಸುತ್ತದೆ. ಬಿಳಿ ಮಾಂತ್ರಿಕನ ಪಕ್ಕ ನಿಲ್ಲಿಸಿದರೆ ಮೊದಲ ಸುತ್ತಿನಲ್ಲಿ ವಿಷ ಇಳಿಯುತ್ತದೆ, ಜೀವ ತುಂಬುವುದು ಅದರ ಮುಂದಿನ ಸುತ್ತಿನಿಂದ. ಅಂದರೆ ವಿಷ ತಗುಲಿದವನು ಎರಡು ಸುತ್ತು ಲೆಕ್ಕದಲ್ಲಿಲ್ಲ ಅಂತ ಮೊದಲೇ ಅಂದುಕೊಂಡು ಸಾಲು ಕಟ್ಟಬೇಕು.

ನಸುಕು ಹರಿದ ಮೇಲೆ ಆಟವೇ ಬದಲಾಗುತ್ತದೆ. ಕಂಪ್ಯೂಟರ್ ಎದುರಾಳಿಗೆ ಹಗಲಾಯಿತು ಅಂತ ಹಿಂದೆ ಸರಿಯುವ ಅಭ್ಯಾಸ ಕಡಿಮೆ. ಬಲ ಇಳಿದ ಸೈನಿಕರನ್ನೂ ನಮ್ಮ ಕೋಟೆಗೇ ತಂದು ಸುರಿಯುತ್ತಾನೆ. ಆ ಎರಡು ಬಿಸಿಲಿನ ಸುತ್ತುಗಳು ನಮ್ಮವು. ಆಗ ನಾನು ಎಲ್ಫ್ ಕ್ಯಾಪ್ಟನ್‌ನನ್ನು ಮಾಂತ್ರಿಕರ ನಡುವೆ ತಂದು ನಿಲ್ಲಿಸಿದೆ. ಎರಡನೇ ಲೆವೆಲ್ಲಿನ ಕ್ಯಾಪ್ಟನ್ ಪಕ್ಕದಲ್ಲಿದ್ದರೆ ಒಂದನೇ ಲೆವೆಲ್ಲಿನವರ ಬಲ ಇನ್ನೂ ಶೇ. 25 ಏರುತ್ತದೆ. ಬಿಸಿಲಿನದ್ದು 25, ನಾಯಕನದ್ದು 25. ಮಾಂತ್ರಿಕನ ಏಟು 13ಕ್ಕೆ ಮುಟ್ಟುತ್ತದೆ. ಈಗ ಆರಕ್ಕೆ ಮೂರು ತಗಲಿದರೂ ಎಲುಬುಗೂಡು ಪುಡಿ. ಸಂಭವ ಶೇ. 93. ರಾತ್ರಿ ಶೇ. 12 ಇದ್ದದ್ದು ಇದೇ ಕೆಲಸಕ್ಕೆ, ನೆನಪಿರಲಿ. ಆ ಬೆಳಿಗ್ಗೆ ಒಂದೊಂದೇ ಗೂಡು ಉದುರುವುದನ್ನು ನೋಡುವಾಗ ಆದ ಖುಷಿ ಈ ಆಟದಲ್ಲಿ ನನಗೆ ಬೇರೆಲ್ಲೂ ಆಗಿಲ್ಲ.

ಆದರೂ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೆ. ಮಧ್ಯಾಹ್ನದ ಸುತ್ತಿನಲ್ಲಿ ಯಾರೂ ಕೋಟೆಯಿಂದ ಒಂದು ಸುತ್ತಿನ ನಡಿಗೆಗಿಂತ ದೂರ ಹೋಗಬಾರದು. ಶತ್ರುವಿನ ಪಕ್ಕದ ಮನೆಗೆ ಕಾಲಿಟ್ಟ ಕೂಡಲೇ ನಡಿಗೆ ನಿಂತುಬಿಡುತ್ತದೆ. ಬರುವ ದಾರಿಯಲ್ಲಿ ಒಂದು ದೆವ್ವ ಹಾರಿ ಬಂದು ಕೂತರೂ ಸಾಕು, ಮುಸ್ಸಂಜೆಗೆ ವಾಪಸ್ ಬರಲು ಆಗುವುದಿಲ್ಲ. ದೆವ್ವಗಳಂತೂ ಕತ್ತಿ, ಬಾಣ, ದೊಣ್ಣೆ ಎಲ್ಲವನ್ನೂ ಅರ್ಧಕ್ಕರ್ಧ ತಡೆಯುತ್ತವೆ, ಮೇಲೆ ನಮ್ಮ ಜೀವವನ್ನೇ ಹೀರಿ ಗಾಯ ತುಂಬಿಕೊಳ್ಳುತ್ತವೆ. ಅವುಗಳನ್ನು ಎಲ್ಫ್‌ಗಳಿಗೆ ಬಿಡದೆ ಬಿಳಿ ಮಾಂತ್ರಿಕರಿಗೇ ಕಾದಿರಿಸಿದ್ದೆ.

ಲೆವೆಲ್ ಏರುವುದನ್ನೂ ಔಷಧಿಯಂತೆ ಬಳಸಿಕೊಂಡೆ. ಲೆವೆಲ್ ಏರಿದ ಕೂಡಲೇ ಜೀವ ಪೂರ್ತಿ ತುಂಬುತ್ತದೆ, ವಿಷವೂ ಹೋಗುತ್ತದೆ. ಅದಕ್ಕೆ ಇನ್ನೊಂದು ಬಲಿ ಸಿಕ್ಕರೆ ಏರುವಂಥವರು ಯಾರು ಅಂತ ಪ್ರತಿ ಸುತ್ತಿನ ಶುರುವಿಗೆ ನೋಡುತ್ತಿದ್ದೆ. ಗಾಯಗೊಂಡಿದ್ದರೂ ಅವರನ್ನು ಹಿಂದಕ್ಕೆ ಕಳಿಸದೆ, ಕೊನೆಯ ಏಟು ಅವರ ಪಾಲಿಗೆ ಬರುವಂತೆ ಮಿಕ್ಕವರಿಂದ ಶತ್ರುವನ್ನು ಹದಕ್ಕೆ ತರಿಸುತ್ತಿದ್ದೆ. ಒಬ್ಬ ಮಾಂತ್ರಿಕ ಹೀಗೆ ಯುದ್ಧದ ನಡುವೆಯೇ ಬಿಳಿ ಮಾಂತ್ರಿಕನಾದ. ಅಲ್ಲಿಂದಾಚೆ ಪೂರ್ವದ ಮೂಲೆ ಗಟ್ಟಿಯಾಯಿತು.

ಎಲ್ಲರೂ ಉಳಿದರು ಅಂತ ಹೇಳುವುದಿಲ್ಲ. ಹೊರಸಾಲಿನ ಎಲ್ಫ್‌ಗಳಲ್ಲಿ ಕೆಲವರು ಹೋದರು, ಮೊದಲ ಹಂತದಿಂದ ಜೊತೆಗಿದ್ದ ಒಬ್ಬ ಬಿಲ್ಲುಗಾರನೂ ಸೇರಿ. ವೆಸ್ನಾತ್‌ನಲ್ಲಿ ಪ್ರತಿಯೊಬ್ಬ ಸೈನಿಕನಿಗೂ ಒಂದು ಹೆಸರಿರುತ್ತದೆ. ಸತ್ತವನು ಮುಂದಿನ ಹಂತಕ್ಕೆ ಬರುವುದಿಲ್ಲ. ಹಳೆಯ ಸೇವ್ ತೆರೆಯದೆ ಆಡಿದರೆ ಆ ಹೆಸರುಗಳಿಗೆ ಬೆಲೆ ಬರುತ್ತದೆ. ನಾನು ಹಾಗೆ ಆಡುವುದು ಅದಕ್ಕೇ.

ಸುತ್ತುಗಳು ಮುಗಿದಾಗ ಕಾನ್ರಾಡ್ ಕೋಟೆಯಲ್ಲೇ ಇದ್ದ, ಬಿಳಿ ಮಾಂತ್ರಿಕರು ಎಲ್ಲರೂ ಉಳಿದಿದ್ದರು. ಚಿನ್ನ ಮಾತ್ರ ಕಡಿಮೆ. ಬೇಗ ಮುಗಿಸಿದ್ದರೆ ಸಿಗುವ ಹೆಚ್ಚುವರಿ ಚಿನ್ನ ಕೊನೆಯ ತನಕ ಕಾದವರಿಗೆ ಸಿಗುವುದಿಲ್ಲ. ಮುಂದಿನದು 'ಗ್ರಿಫನ್ ಮೌಂಟನ್' ಹಂತ. ಅಲ್ಲಿಗೆ ಬಡವನಾಗಿ ಹೋದೆ, ಆದರೆ ಕರೆಸಿಕೊಳ್ಳಲು ಅನುಭವಸ್ಥರಿದ್ದರು. ಚಿನ್ನ ಮತ್ತೆ ಗಳಿಸಬಹುದು, ಬೆಳೆಸಿದ ಮಾಂತ್ರಿಕನನ್ನು ಮತ್ತೆ ಬೆಳೆಸಲು ಎಷ್ಟೋ ಹಂತ ಬೇಕು.

ಅಕ್ಕ ಇದನ್ನು ಒಪ್ಪುವುದಿಲ್ಲ. ಅವಳ ದಾರಿ ಬೇರೆ. ಮೊದಲ ರಾತ್ರಿ ನನ್ನಂತೆಯೇ ಕೋಟೆಯೊಳಗೆ ಇರುತ್ತಾಳೆ. ಎರಡನೇ ಹಗಲು ಹತ್ತಿರದ ಒಬ್ಬ ಲಿಚ್‌ನ ಮೇಲೆ ಡೆಲ್ಫಡಾರ್‌ನನ್ನೂ ಅರ್ಧ ಸೈನ್ಯವನ್ನೂ ಒಟ್ಟಿಗೆ ಬಿಡುತ್ತಾಳೆ. "ನಾಯಕ ಸತ್ತರೆ ಆ ಕಡೆಯಿಂದ ಹೊಸಬರು ಬರೋದು ನಿಲ್ಲುತ್ತೆ. ಕೊನೆಯ ರಾತ್ರಿ ಒಂದು ಗೋಡೆ ಕಾಯೋ ಕೆಲಸ ಉಳೀತು, ಅಲ್ವಾ?" ಅನ್ನುತ್ತಾಳೆ. ಮೂರನೇ ಲೆವೆಲ್ಲಿನ ಲಿಚ್‌ನನ್ನು ಕೊಂದವನಿಗೆ 24 ಅನುಭವದ ಅಂಕವೂ ಸಿಗುತ್ತದೆ. ಡೆಲ್ಫಡಾರ್ ಸತ್ತರೆ ಆಟವೇ ಮುಗಿಯಿತು, ನನಗೆ ಅಷ್ಟು ಧೈರ್ಯ ಬರಲಿಲ್ಲ. ಆದರೆ ಅವಳ ಲೆಕ್ಕ ಸರಿಯಾಗಿದೆ. ಇಬ್ಬರು ಕ್ಯಾಪ್ಟನ್‌ಗಳು ಕೈಯಲ್ಲಿದ್ದರೆ ಒಬ್ಬನನ್ನು ಕೋಟೆಗೆ ಬಿಟ್ಟು, ಇನ್ನೊಬ್ಬನನ್ನು ಆ ತಂಡದ ಜೊತೆ ಕಳಿಸಬಹುದು. ಈಗ ಹೊಸದಾಗಿ ಶುರು ಮಾಡಿರುವ ಕ್ಯಾಂಪೇನಿನಲ್ಲಿ ಅದಕ್ಕೆಂದೇ ಇಬ್ಬರು ಎಲ್ಫ್ ಕಾಲಾಳುಗಳನ್ನು ಕ್ಯಾಪ್ಟನ್ ಮಾಡಲು ಬೆಳೆಸುತ್ತಿದ್ದೇನೆ.